ಕಿವಿ ಮುಚ್ಚಿಕೊಳ್ಳುವ ಮಗುವಿನದು ಹಟವಲ್ಲ

ಮೊಬೈಲು, ಅತಿ ಮುದ್ದಿನಿಂದ ಆಟಿಸಂ, ಎಡಿಎಚ್‌ಡಿ ಬರುತ್ತವೆ, ಎರಡೇಟು ಹಾಕಿದರೆ ಸರಿಹೋಗುತ್ತವೆ ಎಂಬ ವಾಟ್ಸ್‌ಆ್ಯಪ್ ಸಂದೇಶ ತಪ್ಪು. ಇವು ಮಿದುಳಿನ ಬೆಳವಣಿಗೆಯ ಭಿನ್ನತೆಗಳು: ಆಟಿಸಂನಲ್ಲಿ ಇತರರೊಂದಿಗೆ ಬೆರೆಯುವ, ಮಾತಾಡುವ ರೀತಿ ಬೇರೆ; ಎಡಿಎಚ್‌ಡಿಯಲ್ಲಿ ಗಮನ ನಿಲ್ಲಿಸುವುದು, ಸುಮ್ಮನೆ ಕೂರುವುದು ಕಷ್ಟ. ವಂಶವಾಹಿಗಳ ಪಾತ್ರ ದೊಡ್ಡದು.

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ನಮಗೆ ಹುರುಪು ತರುವ ಸದ್ದು, ಆಟಿಸಂ ಇರುವ ಕೆಲವು ಮಕ್ಕಳಿಗೆ ನೋವಿನಷ್ಟೇ ತೀಕ್ಷ್ಣ. ಬೈಗುಳವೂ ಮತ್ತೊಂದು ಸದ್ದೇ. ಗದ್ದಲದಿಂದ ಆಚೆ ಕರೆದೊಯ್ದು, ಮಾತು ಕಡಿಮೆ ಮಾಡಿ, ಕಾಯಿರಿ. ಎಡಿಎಚ್‌ಡಿ ಇರುವ ಮಗುವಿಗೆ ಮೂರು ಕೆಲಸ ಒಟ್ಟಿಗೆ ಹೇಳಿದರೆ ಒಂದಷ್ಟೇ ನೆನಪಿನಲ್ಲಿ ಉಳಿದೀತು, ಒಂದೊಂದಾಗಿ ಹೇಳಿ.

ಇಂಥ ಸಂದೇಶ ಬಂದರೆ, ಅದರಲ್ಲಿ ಅಧ್ಯಯನದ ವರ್ಷ, ಮಾಡಿದವರ ಹೆಸರು, ಮಕ್ಕಳ ಸಂಖ್ಯೆ ಇದೆಯೇ ನೋಡಿ. ‘ವೈದ್ಯರೊಬ್ಬರು ಹೇಳಿದ್ದಾರೆ’ ಎಂದರೆ ಸಾಲದು. ಎಡಿಎಚ್‌ಡಿ ಎನ್ನಲು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಶುರುವಾಗಿ, ಕನಿಷ್ಠ 6 ತಿಂಗಳು, ಮನೆ-ಶಾಲೆಯಂಥ ಎರಡು ಕಡೆಯಾದರೂ ಕಾಣಬೇಕು. ಅನುಮಾನವಿದ್ದರೆ ಜಿಲ್ಲಾ ಆಸ್ಪತ್ರೆಯ ಮಕ್ಕಳ ತಜ್ಞರನ್ನು ಕೇಳಿ.