ಮಿನಾರಿನೊಳಗೊಂದು ವಿಡಿಯೋ ಕಾಲ್

ಬುಡಾಪೆಸ್ಟಿನಲ್ಲಿ ಕೆಲಸ ಸಿಕ್ಕಿದೆ ಅಂತ ಊರಲ್ಲಿ ಹೇಳಿದ ದಿನದಿಂದ ನಾನು ಇಂಜಿನಿಯರ್ ಅಲ್ಲ, ಪುಕ್ಕಟೆ ಗೈಡ್. ಈ ಸಲ ಬಂದದ್ದು ಅಕ್ಕ, ಭಾವ. ನಿನ್ನೆ ಅವರನ್ನು ಇಲ್ಲೇ ಹಂಗೇರಿಯ ಎಗೆರ್ ಅನ್ನೋ ಹಳೇ ಕೋಟೆ ಊರಿಗೆ ಕರೆದೊಯ್ದದ್ದು, ಇವತ್ತು ನನ್ನ ಸೊಂಟ ಹಿಡಿದುಕೊಂಡಿದೆ.

ರೈಲಿನಲ್ಲಿ ಎರಡು ಗಂಟೆ ದಾರಿ. ನಾನು ಇತಿಹಾಸ ಒದರಿದ್ದೇ ಒದರಿದ್ದು. 1552ರಲ್ಲಿ ಅಲ್ಲಿನ ಕೋಟೆಯ ದಳಪತಿ ಇಶ್ತ್ವಾನ್ ದೋಬೋ ಹೆಂಗಸರೂ ಸೇರಿ ಸುಮಾರು 2,000 ಜನರನ್ನು ಕಟ್ಟಿಕೊಂಡು ತುರ್ಕರ ದೊಡ್ಡ ದಂಡನ್ನೇ ತಿಂಗಳಿಗೂ ಹೆಚ್ಚು ತಡೆದು ವಾಪಸ್ ಕಳಿಸಿದ. ಅವರು ಬಿಟ್ಟಾರೆಯೇ, 1596ರಲ್ಲಿ ಬಂದು ಕೋಟೆ ಹಿಡಿದೇಬಿಟ್ಟರು. ಭಾವ ತಲೆಯಾಡಿಸುತ್ತಿದ್ದರು. ಕಿವಿಯಲ್ಲಿ ಇಯರ್‌ಫೋನ್ ಇದ್ದದ್ದು ಇಳಿಯುವಾಗ ಗೊತ್ತಾಯಿತು.

ಆ ತುರ್ಕರು ಕಟ್ಟಿದ ಮಸೀದಿ ಎಂದೋ ಹೋಗಿದೆ, ಮಿನಾರೊಂದೇ ಉಳಿದಿದೆ. 40 ಮೀಟರ್ ಎತ್ತರ, 97 ಮೆಟ್ಟಿಲು. ಒಳಗೆ ಒಬ್ಬರು ನಿಂತರೆ ಹಿಂದಿನವರೆಲ್ಲ ನಿಂತಂತೆ. ಅಕ್ಕ ಹತ್ತಲಿಲ್ಲ, ಗಂಡನನ್ನು ಬಲ್ಲವಳು. ಭಾವ ಮುಂದೆ, ನಾನು ಹಿಂದೆ, ನನ್ನ ಹಿಂದೆ ಒಬ್ಬ ಜರ್ಮನ್ ಅಜ್ಜ.

ಭಾವ ನಿಂತರು. "ಅಮ್ಮಾ, ಕಾಣಿಸ್ತಿದೆಯಾ? ಇದು ಮೆಟ್ಟಿಲು."

ಹಾಸನದಿಂದ ಉತ್ತರ: "ಬರೀ ಕತ್ತಲೆ ಕಣೋ. ನಿನ್ನ ಮೂಗು ಕಾಣ್ತಿದೆ."

ನಾಲ್ಕು ಮೆಟ್ಟಿಲು ಹತ್ತಿ ಮತ್ತೆ ನಿಂತರು. "ಅಮ್ಮಾ, ಇದೂ ಮೆಟ್ಟಿಲೇ."

"ಹೌದಾ? ತಿಂಡಿ ಏನು ತಿಂದ್ರಿ?"

ಭಾವ ಬ್ರೆಡ್ಡಿನ ರೇಟನ್ನು ಫೋರಿಂಟಿನಿಂದ ರೂಪಾಯಿಗೆ ಇಳಿಸಿ ಲೆಕ್ಕ ಒಪ್ಪಿಸಿದರು. ನಾನು ಅರ್ಧ ಬಗ್ಗಿ, ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಅಜ್ಜ ನನ್ನ ಬೆನ್ನಿಗೇ ಸೀನಿದ. ಇಷ್ಟು ದಪ್ಪ ಕಲ್ಲುಗೋಡೆಯೊಳಗೂ ಸಿಗ್ನಲ್ ಕೊಡುವಷ್ಟು ಈ ದೇಶ ಮುಂದುವರಿಯಬಾರದಿತ್ತು.

ಕೊನೆಗೂ ಮೇಲೆ ಬಂದೆವು. ಭಾವ ಫೋನನ್ನು ಕಟಾಂಜನದಾಚೆ ಹಿಡಿದರು. ಕೆಂಪು ಹೆಂಚಿನ ಮಾಡುಗಳು, ಚರ್ಚಿನ ಗೋಪುರ, ಕೋಟೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಮಂಡಿ ನೋವಿನಿಂದ ಸ್ವಂತ ಮನೆಯ ಮಹಡಿಯನ್ನೇ ಹತ್ತಲಾಗದ ಹೆಂಗಸು. "ಎಷ್ಟು ಎತ್ತರಕ್ಕೆ ಕರ್ಕೊಂಡು ಬಂದ್ಯಲ್ಲೋ" ಅಂದರು. ನನ್ನ ಸಿಟ್ಟೂ ಒಂದು ಗಳಿಗೆ ಇಳಿಯಿತು.

ಆಮೇಲೆ ಅವರೇ ಅಂದರು: "ನಿಮ್ಮಪ್ಪ ಈಗ ಎದ್ರು ನೋಡು. ಅವರಿಗೂ ತೋರಿಸು, ಮೊದಲಿಂದ."

ಭಾವ ನನ್ನ ಕಡೆ ತಿರುಗಿದರು. "ಇಳಿಯೋ, ಇನ್ನೊಂದ್ಸಲ ಹತ್ತೋಣ."

ಅಜ್ಜನಿಗೆ ಕನ್ನಡ ಬರದಿದ್ದದ್ದು ಪುಣ್ಯ.