ಹತ್ತು ಜನರಿಗೆ ಕಳಿಸದಿದ್ದರೆ ಪ್ರಾರ್ಥನೆ ಫಲಿಸುವುದಿಲ್ಲವೇ?

ಪ್ರಾರ್ಥನೆಯನ್ನು ಹತ್ತು ಜನರಿಗೆ ಕಳಿಸಿದರೆ ಆಶೀರ್ವಾದ, ಕಳಿಸದಿದ್ದರೆ ಯೇಸುವನ್ನು ನಿರಾಕರಿಸಿದಂತೆ ಎನ್ನುವ ವಾಟ್ಸಾಪ್ ಸಂದೇಶ ಮತ್ತೆ ಮತ್ತೆ ಬರುತ್ತದೆ. ಸತ್ಯವೇದದಲ್ಲಿ (ಬೈಬಲ್‌ನಲ್ಲಿ) ಇಂಥ ಷರತ್ತು ಎಲ್ಲಿಯೂ ಇಲ್ಲ. ಕಳಿಸುವವರದು ಪ್ರೀತಿಯೇ, ಆದರೆ ಓದಿ ನಿದ್ದೆಗೆಡುವ ಹಿರಿಯರೂ ಇದ್ದಾರಲ್ಲ, ಅದಕ್ಕೇ ಈ ಮಾತು.

ಇಂಥ ಸಂದೇಶಗಳಲ್ಲಿ ಉಲ್ಲೇಖಿಸುವ ವಚನ ಮತ್ತಾಯ 10:33, ಜನರ ಮುಂದೆ ನನ್ನನ್ನು ನಿರಾಕರಿಸುವವನನ್ನು ನಾನೂ ನನ್ನ ತಂದೆಯ ಮುಂದೆ ನಿರಾಕರಿಸುವೆನು ಎನ್ನುವ ಮಾತು. ಅದೊಂದನ್ನೇ ನೋಡಬೇಡಿ, ಅಧ್ಯಾಯವನ್ನು ಮೊದಲಿಂದ ಓದಿ: ಯೇಸು ಹನ್ನೆರಡು ಮಂದಿ ಶಿಷ್ಯರನ್ನು ಸುವಾರ್ತೆ ಸಾರಲು ಕಳಿಸುವಾಗ, ಹಿಂಸೆ ಬಂದರೂ ಹೆದರಬೇಡಿ ಎನ್ನುತ್ತಾ ಆಡಿದ ಮಾತದು. ನಾಲ್ಕು ಅಧ್ಯಾಯ ಹಿಂದೆ, 6:6ರಲ್ಲಿ, ಕೋಣೆಗೆ ಹೋಗಿ ಬಾಗಿಲು ಮುಚ್ಚಿ ಪ್ರಾರ್ಥಿಸು ಎಂದಿದೆ. ಜನ ನೋಡಲೆಂದು ಬೀದಿ ಮೂಲೆಯಲ್ಲಿ ನಿಂತು ಪ್ರಾರ್ಥಿಸುವುದು ಬೇಡ ಎನ್ನುತ್ತದೆ ಅದರ ಹಿಂದಿನ ವಚನ. ಮಾರ್ಕ 1:35 ತೆರೆಯಿರಿ: ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು, ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಾನೆ.