ತಿರುಗಾಟದ ತಂಡ, ಜೊತೆಗೆ ಹೊರಡದ ನಾವು

ನಾಳೆ ಸಂಜೆ ಕೊಚ್ಚಿಯ ಕಲೂರು ಕ್ರೀಡಾಂಗಣದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ನಮ್ಮ ಬೆಂಗಳೂರು ಎಫ್‌ಸಿ ಆಡುತ್ತದೆ. ನನ್ನ ಮನೆಯಿಂದ ಅಲ್ಲಿಗೆ ಇಪ್ಪತ್ತು ನಿಮಿಷದ ನಡಿಗೆ. ಬೆಳಗ್ಗೆ ಹಾಲು ತರಲು ಹೊರಟರೆ ಬೀದಿಯ ತುಂಬ ಆಗಲೇ ಹಳದಿ ಬಾವುಟ. ಕೆಳಮನೆಯ ನಿವೃತ್ತ ಮೇಷ್ಟ್ರು ಜಗಲಿಯಲ್ಲಿ ಕುಳಿತು ಮೊಮ್ಮಗಳ ಹಳದಿ ಅಂಗಿಯ ಬಿಟ್ಟುಹೋದ ಹೊಲಿಗೆಯನ್ನು ಸೂಜಿ ಹಿಡಿದು ಸರಿಮಾಡುತ್ತಿದ್ದರು. ತಲೆಯೆತ್ತಿ, "ನಾಳೆ ನಿಮ್ಮ ಕಡೆಯವರು ಎಷ್ಟು ಜನ ಬರುತ್ತಾರೆ?" ಎಂದು ಕೇಳಿದರು. ಯಾರು ಗೆಲ್ಲುತ್ತಾರೆ ಎಂಬ ಮಾತು ಆಮೇಲೆ ಬಂತು.

ಈ ಪ್ರಶ್ನೆ ನನಗೆ ಹಳೆಯದು. ನಾನು ತೀರ್ಥಹಳ್ಳಿಯವನು. ಬೆಂಗಳೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿ 2017ರಲ್ಲಿ ಕೊಚ್ಚಿಗೆ ಬಂದೆ. ಆ ವರ್ಷವೇ ಬೆಂಗಳೂರು ಎಫ್‌ಸಿ ಐ-ಲೀಗ್ ಬಿಟ್ಟು ಇಂಡಿಯನ್ ಸೂಪರ್ ಲೀಗ್ ಸೇರಿತ್ತು. ಎರಡೂ ತಂಡಗಳು ಈ ಲೀಗಿನಲ್ಲಿ ಮೊದಲ ಬಾರಿಗೆ ಎದುರಾದದ್ದು ಅದೇ ಡಿಸೆಂಬರ್ 31ರ ರಾತ್ರಿ, ಇದೇ ಕಲೂರಿನಲ್ಲಿ. ನಾನು ಹಳದಿ ಅಂಗಿಗಳ ನಡುವೆ ಒಬ್ಬನೇ ಕುಳಿತಿದ್ದೆ. ನೀಲಿ ಅಂಗಿಯವರ ಸಣ್ಣ ಗುಂಪೊಂದು ದೂರದ ಮೂಲೆಯಲ್ಲಿತ್ತು. ನಮ್ಮ ನಾಯಕ ಸುನಿಲ್ ಛೆಟ್ರಿ ಒಂದು, ಮಿಕು ಎರಡು ಗೋಲು ಹೊಡೆದು ನಾವು 3-1ರಿಂದ ಗೆದ್ದೆವು. ಮೂರು ಸಲವೂ ನಾನು ತುಟಿ ಕಚ್ಚಿ ಹಿಡಿದೆ. ಪಕ್ಕದಲ್ಲಿದ್ದ ವೃದ್ಧರೊಬ್ಬರು ನನ್ನ ಮುಖವನ್ನೇ ನೋಡಿ, "ನೀವು ಕರ್ನಾಟಕದವರಲ್ಲವೇ? ನಿಮ್ಮ ಊರಿನಿಂದ ಯಾರೂ ಬಂದಿಲ್ಲವೇ?" ಎಂದು ಕೇಳಿದರು. ಅವರ ದನಿಯಲ್ಲಿ ಇದ್ದದ್ದು ಮರುಕ, ಮದುವೆಗೆ ಒಂಟಿಯಾಗಿ ಬಂದ ಬೀಗರನ್ನು ಕಂಡಾಗ ಹುಟ್ಟುವಂಥದು. ಗೆದ್ದು ಮನೆಗೆ ಬಂದರೂ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮಲಯಾಳಿಗಳಿಗೆ ಫುಟ್ಬಾಲ್ ಊರಿನ ಕೆಲಸ. ನೆರೆಹೊರೆಯವರು ಸೇರಿ ವ್ಯಾನು ಗೊತ್ತುಮಾಡುತ್ತಾರೆ, ಹೆಂಗಸರು ಮಕ್ಕಳು ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ, ಕೋಳಿಕ್ಕೋಡ್ ಮಲಪ್ಪುರಂ ಕಡೆಯಿಂದ ನಾಲ್ಕೈದು ಗಂಟೆ ಪ್ರಯಾಣ ಮಾಡಿ ಬರುತ್ತಾರೆ. ಮಂಜಪ್ಪಡ, ಅಂದರೆ ಹಳದಿ ಪಡೆ, ಎಂಬ ಬೆಂಬಲಿಗರ ಬಳಗ ದೇಶಕ್ಕೇ ಗೊತ್ತು. ಆದರೆ ಅದರ ಬೇರು ಲೀಗಿಗಿಂತ ಹಳೆಯದು. ಮಲಬಾರಿನಲ್ಲಿ ಕೊಯ್ಲಾದ ಗದ್ದೆಗಳಲ್ಲಿ ಏಳೇಳು ಜನರ ಸೆವೆನ್ಸ್ ಪಂದ್ಯ ನಡೆಯುತ್ತದೆ. ಅಡಿಕೆ ಮರ, ಬಿದಿರು ಬಿಗಿದು ಕಟ್ಟಿದ ಗ್ಯಾಲರಿಯಲ್ಲಿ ಸಾವಿರಾರು ಜನ ಕೂರುತ್ತಾರೆ. ಮೊದಲ ಬಾರಿ ಅಂಥ ಗ್ಯಾಲರಿ ಹತ್ತಿದಾಗ ನಾನು ಆಟಕ್ಕಿಂತ ಮೊದಲು ನೋಡಿದ್ದು ಕಾಲಡಿಯ ದಬ್ಬೆಯನ್ನು. ಅದೇ ದಬ್ಬೆಯಿಂದ ನಮ್ಮ ಮನೆಯಂಗಳದಲ್ಲಿ ಅಡಿಕೆ ಒಣಗಿಸುವ ಚಪ್ಪರ ಹಾಕುತ್ತಾರೆ. ಅದೇ ಮಳೆ, ಅದೇ ಗದ್ದೆ, ಅದೇ ತೋಟ. ಕೊಯ್ಲಾದ ಮೇಲೆ ಅವರು ಗದ್ದೆಯಲ್ಲಿ ಗೋಲುಕಂಬ ನೆಟ್ಟರು, ನಾವು ಕೂಳೆಯ ನಡುವೆ ವಿಕೆಟ್ ನೆಟ್ಟೆವು.

ಇದಕ್ಕೆ ಕಾರಣಗಳಿವೆ, ಅವು ನಮ್ಮ ತಪ್ಪಲ್ಲ. ಮಲಬಾರಿನಲ್ಲಿ 1921ರ ದಂಗೆಯ ನಂತರ ಮಲಪ್ಪುರದಲ್ಲಿ ನೆಲೆಯೂರಿದ ವಿಶೇಷ ಪೊಲೀಸ್ ಪಡೆಯಿಂದ ಚೆಂಡು ಹಳ್ಳಿಗಳಿಗೆ ಇಳಿಯಿತು. ನಮ್ಮಲ್ಲಿ ಅದು ಬೆಂಗಳೂರಿನ ದಂಡು ಪ್ರದೇಶದಲ್ಲೇ ಉಳಿಯಿತು. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಓಣಿಗಳಲ್ಲಿ ಬೆಳೆದು, ಎಚ್‌ಎಎಲ್, ಐಟಿಐನಂಥ ಕಾರ್ಖಾನೆಗಳ ತಂಡಗಳಲ್ಲಿ ಹೊಟ್ಟೆಪಾಡು ಕಂಡುಕೊಂಡಿತು. ಕಡಿಮೆ ಸಾಧನೆಯೇನೂ ಅಲ್ಲ. ಮೈಸೂರು ರಾಜ್ಯ ರಾಜ್ಯ ತಂಡಗಳು ಸೆಣಸುವ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನ ಆಟಗಾರ. ಅಹ್ಮದ್ ಖಾನ್ ಇಲ್ಲಿಂದ ಕೋಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲಿನ ಕಣ್ಮಣಿಯಾದರು. ಆದರೆ ಆ ಚೆಂಡು ಭದ್ರಾವತಿ ದಾಟಿ ನಮ್ಮ ಕಾಡಿನ ಹಾದಿ ಹಿಡಿದು ಬರಲಿಲ್ಲ. ನನ್ನ ಶಾಲೆಯಲ್ಲಿ ಒಂದು ಫುಟ್ಬಾಲ್ ಇತ್ತು. ಜೂನ್‌ನಲ್ಲಿ ಅದು ಕೆಸರಿನಲ್ಲಿ ಹೂತು, ನವೆಂಬರ್‌ನಲ್ಲಿ ಗಾಳಿ ಬಿಟ್ಟು ಬೀರುವಿನ ಮೇಲೆ ಕೂತಿರುತ್ತಿತ್ತು.

2023ರ ಮಾರ್ಚ್‌ನ ಎರಡು ದಿನಗಳನ್ನು ಇಲ್ಲಿ ಹೇಳಲೇಬೇಕು. ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಪ್ಲೇಆಫ್ ಪಂದ್ಯ. ಹೆಚ್ಚುವರಿ ಸಮಯದಲ್ಲಿ ಬ್ಲಾಸ್ಟರ್ಸ್ ಆಟಗಾರರು ಸಾಲಾಗಿ ನಿಂತು ಗೋಡೆ ಕಟ್ಟುವ ಮುನ್ನವೇ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು, ರೆಫರಿ ಒಪ್ಪಿದರು, ಕೇರಳದ ತಂಡ ಮೈದಾನ ಬಿಟ್ಟು ನಡೆಯಿತು. ಆಮೇಲೆ ಆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ತರಬೇತುದಾರ ಇವಾನ್ ವುಕೊಮನೊವಿಚ್‌ಗೆ 10 ಪಂದ್ಯಗಳ ನಿಷೇಧ. ನನ್ನ ಮಟ್ಟಿಗೆ ಆ ಗೋಲು ನಿಯಮದೊಳಗಿನದೇ. ಫ್ರೀ ಕಿಕ್ ಸಿಕ್ಕ ತಂಡ ಕೂಡಲೇ ಚೆಂಡು ಹೊಡೆಯಬಹುದು, ಗೋಡೆ ಕಟ್ಟುವವರೆಗೆ ಕಾಯುವ ಹಂಗಿಲ್ಲ. ಆದರೆ ಈ ಬೀದಿಯಲ್ಲಿ ಆ ರಾತ್ರಿ ಸಾವಿನ ಮನೆಯ ಮೌನವಿತ್ತು, ಅದನ್ನು ಕಂಡ ನಾನು ಸಂಭ್ರಮಿಸಲಾರದೆ ಹೋದೆ.

ಮರುದಿನ, ಮಾರ್ಚ್ 4ರಂದು, ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1968-69ರ ಮೈಸೂರು ತಂಡದ ನಂತರ ಮೊದಲ ಬಾರಿ. ಊರಿನ ಗೆಳೆಯರಿಂದ ನನಗೆ ಬಂದ ಸಂದೇಶಗಳೆಲ್ಲ ಛೆಟ್ರಿಯ ಫ್ರೀ ಕಿಕ್ ಬಗ್ಗೆ. ರಿಯಾದ್ ಸುದ್ದಿ ನನಗೂ ತಿಳಿದಿರಲಿಲ್ಲ. 5ರ ಬೆಳಗ್ಗೆ ಮೆಟ್ಟಿಲ ಬಳಿ ನನ್ನ ಎರಡೂ ಕೈ ಹಿಡಿದು ಅಭಿನಂದಿಸಿದವರು ಇದೇ ಮೇಷ್ಟ್ರು, 3ರ ರಾತ್ರಿಯ ನೋವು ಇನ್ನೂ ಆರದ ಮಲಯಾಳಿ. "ಕಳೆದ ವರ್ಷ ಮಂಜೇರಿಯ ಸೆಮಿಫೈನಲ್‌ನಲ್ಲಿ ನಿಮ್ಮವರು ನಮ್ಮೆದುರು 7-3ರಿಂದ ಸೋತಿದ್ದರು. ಒಂದೇ ವರ್ಷದಲ್ಲಿ ಎದ್ದು ನಿಂತರಲ್ಲ!" ಎಂದರು. ನನ್ನ ರಾಜ್ಯದ ತಂಡದ ಸೋಲು ಗೆಲುವುಗಳು ಅವರಿಗೆ ಬಾಯಿಪಾಠ. ಇಲ್ಲಿಗೂ ಅಲ್ಲಿಗೂ ಇರುವ ವ್ಯತ್ಯಾಸ ಗೋಲುಗಳದ್ದಲ್ಲ, ಈ ಅಕ್ಕರೆಯದು.

ನಮ್ಮವರಿಗೆ ಅಕ್ಕರೆ ಇಲ್ಲ ಎಂದು ಯಾರಾದರೂ ಹೇಳಿದರೆ ಮಾತ್ರ ನಾನು ಜಗಳಕ್ಕೆ ನಿಲ್ಲುತ್ತೇನೆ. ಎಳ್ಳಮಾವಾಸ್ಯೆಯ ಜಾತ್ರೆಗೆ ತುಂಗೆಯ ದಡದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ಎಂದರೆ ಕಟ್ಟಿಗೆ ಸಾಗಿಸುವ ಜೀಪು ಹತ್ತಿ ಮೂರು ಊರು ದಾಟಿ ಹೋಗುತ್ತೇವೆ. ಬಯಲಾಟದ ಮೇಳ ಹೊರಟರೆ ಇಷ್ಟದ ಭಾಗವತರ ಪದ ಕೇಳಲು ಈ ರಾತ್ರಿ ಕಮ್ಮರಡಿ, ನಾಳೆ ರಾತ್ರಿ ಕೊಪ್ಪ ಎಂದು ಬೆನ್ನು ಹತ್ತುವವರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ನನ್ನ ಅಜ್ಜ ಹಾಗೆ ಹೋಗುತ್ತಿದ್ದರು, ಕಂಬಳಿ ಹೊದ್ದು, ಬ್ಯಾಟರಿ ಹಿಡಿದು. ಮೇಳ ಊರೂರು ಸುತ್ತುವುದಕ್ಕೆ ನಮ್ಮಲ್ಲಿ ತಿರುಗಾಟ ಎನ್ನುತ್ತಾರೆ. ಅದೇ ಹೆಸರಿನಲ್ಲಿ ಸಾಗರದ ಪಕ್ಕದ ಹೆಗ್ಗೋಡಿನ ನೀನಾಸಮ್ 1985ರಿಂದ ನಾಟಕಗಳನ್ನು ಕರ್ನಾಟಕದ ಮೂಲೆಮೂಲೆಗೆ ಒಯ್ಯುತ್ತಿದೆ. ಫುಟ್ಬಾಲ್ ತಂಡವೊಂದು ಪರ ಊರಿಗೆ ಹೋಗಿ ಆಡುವುದೂ ತಿರುಗಾಟವೇ. ಅದರ ಹಿಂದೆ ಹೋಗುವುದನ್ನು ಮಲೆನಾಡಿನವರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಆದರೆ ಮೇಳ ಮೊದಲು ನಮ್ಮ ಗದ್ದೆಗೆ ಬಂದಿತ್ತು, ಆಮೇಲೆ ನಾವು ಅದರ ಹಿಂದೆ ಹೋದೆವು. ಕ್ಲಬ್ಬಿನ ಮೇಲೆ ನನ್ನ ದೂರು ಇದೊಂದೇ. 2013ರಲ್ಲಿ ಹುಟ್ಟಿ, ಮೊದಲ ವರ್ಷವೇ ಐ-ಲೀಗ್ ಗೆದ್ದ ತಂಡ ಇದು. 2016ರ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಮಣಿಸಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆದ ರಾತ್ರಿ ನಾನು ಕಂಠೀರವದಲ್ಲಿದ್ದೆ, ನನ್ನ ಗಂಟಲು ಎರಡು ದಿನ ಕಟ್ಟಿತ್ತು. ಆ ಫೈನಲ್ ಆಡಲು ದೋಹಾದವರೆಗೆ ಹೋದ ತಂಡದ ಒಂದು ಪಂದ್ಯವನ್ನೂ ನನ್ನ ಅಕ್ಕನ ಮಗ ಹತ್ತಿರದಿಂದ ಕಂಡಿಲ್ಲ. ಋತುವಿನ ಪೂರ್ವ ತಾಲೀಮಿಗೆ ಬಳ್ಳಾರಿ ಕಡೆಯ ವಿಜಯನಗರದ ಕ್ರೀಡಾ ಸಂಸ್ಥೆಗೆ ಹೋಗುವ ತಂಡ ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ಒಂದು ಸ್ನೇಹಪಂದ್ಯ ಆಡಬಾರದೇ? ಕ್ರಿಕೆಟ್‌ನವರು ಶಿವಮೊಗ್ಗದ ನವುಲೆಗೆ ರಣಜಿ ಪಂದ್ಯ ತಂದರು. ಹುಡುಗರು ಬೇಲಿಗೆ ಒರಗಿ ನಿಂತು ರಾಜ್ಯದ ಆಟಗಾರರ ಬೂಟಿನ ಸದ್ದು ಕೇಳಿದರು. ಅಷ್ಟು ಸಾಕು, ಉಳಿದದ್ದನ್ನು ಹುಡುಗರೇ ನೋಡಿಕೊಳ್ಳುತ್ತಾರೆ. ಗ್ಯಾಲರಿಯ ಕೂಗುಗಳಲ್ಲೂ ಕನ್ನಡ ಇನ್ನಷ್ಟು ಬೇಕು. ಇಲ್ಲಿಯವರಿಗೆ ಚೆಂಡೆ ಇದ್ದಂತೆ ನಮಗೆ ಡೊಳ್ಳಿದೆ.

ನಾಳೆಯ ಆಟದ ವಿಷಯ. 2024ರ ಅಕ್ಟೋಬರ್ 25ರಂದು ಇಲ್ಲಿ 3-1ರಿಂದ ಗೆದ್ದಾಗ ಗದ್ದಲವನ್ನು ಅಡಗಿಸಿದ್ದು ಮೊದಲ ಹತ್ತು ನಿಮಿಷದೊಳಗೆ ಪೆರೆರಾ ಡಯಾಸ್ ಹೊಡೆದ ಗೋಲು, ಅದೂ ಹಿಂದೊಮ್ಮೆ ಇವರದೇ ಅಂಗಿ ತೊಟ್ಟಿದ್ದವರು. ನಾಳೆಯೂ ಹಾಗೆಯೇ ಆಡಬೇಕು, ಮೊದಲ ಕಾಲು ಗಂಟೆ ಚೆಂಡು ನಮ್ಮ ಕಾಲಲ್ಲಿರಬೇಕು. ನನ್ನ ಭಯ ಮುನ್ನಡೆಯ ನಂತರದ್ದು. 2025ರ ಏಪ್ರಿಲ್ 12ರ ಸೂಪರ್ ಲೀಗ್ ಫೈನಲ್‌ನಲ್ಲಿ ಕೋಲ್ಕತ್ತದಲ್ಲಿ ಮೊದಲ ಗೋಲು ನಮ್ಮದೇ. ಕೊನೆಗೆ ಮೋಹನ್ ಬಾಗಾನ್ ಹೆಚ್ಚುವರಿ ಸಮಯದಲ್ಲಿ 2-1 ಮಾಡಿತು. ಗೋಲು ಸಿಕ್ಕ ಮೇಲೆ ಹಿಂದೆ ಸರಿದು ಕೂರುವ ಅಭ್ಯಾಸ ಪರ ಊರಿನಲ್ಲಿ ಪ್ರಾಣಕ್ಕೆ ಬರುತ್ತದೆ. ಎಪ್ಪತ್ತನೇ ನಿಮಿಷ ದಾಟಿದ ಮೇಲೆ ಕಾಲು ಸೋತಾಗ ತಂಡವನ್ನು ಎತ್ತಿ ನಿಲ್ಲಿಸುವುದು ಗ್ಯಾಲರಿಯ ಒಂದು ಮೂಲೆಯಿಂದ ಬರುವ ನಮ್ಮವರ ದನಿ. ಮೇಷ್ಟ್ರ ಪ್ರಶ್ನೆಯ ತೂಕ ಇರುವುದೂ ಅಲ್ಲೇ.

ಈ ಬಾರಿ ಅವರಿಗೆ ಕೊಡಲು ನನ್ನ ಬಳಿ ಉತ್ತರವಿತ್ತು. ಅಕ್ಕನ ಮಗ ನಾಲ್ಕು ಜನ ಗೆಳೆಯರ ಜೊತೆ ಇವತ್ತು ತೀರ್ಥಹಳ್ಳಿಯಿಂದ ಹೊರಟಿದ್ದಾನೆ. ಆಗುಂಬೆ ಘಾಟಿ ಇಳಿದು ಮಂಗಳೂರು, ಅಲ್ಲಿಂದ ರಾತ್ರಿ ರೈಲು. ಅಡಿಕೆ ಒಣಗಿಸುವ ನೀಲಿ ಟಾರ್ಪಾಲಿನ ಮೇಲೆ ಬಿಳಿ ಬಣ್ಣದಲ್ಲಿ "ಮಲೆನಾಡು ಬಂದಿದೆ" ಎಂದು ಬರೆದು ಮೊಬೈಲ್‌ಗೆ ಚಿತ್ರ ಕಳುಹಿಸಿದ. ಬಿಡಿಸಿ ನೋಡಿದರೆ "ನಾ" ಅಕ್ಷರದ ಕೆಳಗೆ ಅಂಗೈ ಅಗಲದ, ಅಡಿಕೆ ಬೇಯಿಸಿದ ಚೊಗರಿನ ಕಲೆ, ಕಂದು ಬಣ್ಣದ್ದು. "ಮಾವ, ಅದನ್ನು ಉಜ್ಜಿದರೂ ಹೋಗಲಿಲ್ಲ, ಇರಲಿ ಅಲ್ಲವೇ?" ಎಂದು ಕೇಳಿದ. ಇರಲೇಬೇಕು ಎಂದೆ. ಯಾವ ಊರಿನಿಂದ ಬಂದವರು ಎಂದು ಆ ಕಲೆಯೇ ಹೇಳುತ್ತದೆ.

ಐದು ಜನ ಎಂದಾಗ ಮೇಷ್ಟ್ರು ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು, "ನಿಮ್ಮನ್ನೂ ಸೇರಿಸಿ ಆರು. ಬೆಳಗಿನ ತಿಂಡಿ ನಮ್ಮ ಮನೆಯಲ್ಲಿ," ಎಂದರು. ಸ್ವಲ್ಪ ಹೊತ್ತಿನ ಹಿಂದೆ ಅಕ್ಕ ಫೋನ್ ಮಾಡಿದ್ದಳು. ಹುಡುಗರು ಗಲಾಟೆ ಮಾಡದಂತೆ ನೋಡಿಕೋ, ಪಂದ್ಯ ಮುಗಿದ ಮೇಲೆ ಟಾರ್ಪಾಲನ್ನು ಮರೆಯದೆ ಮಡಚಿ ಕಳುಹಿಸು, ತೋಟದಲ್ಲಿ ಇನ್ನೊಂದು ಕೊಯ್ಲು ಬಾಕಿ ಇದೆ ಎಂದಳು.